ತೂಬು ಮುಚ್ಚಿದ ಮೇಲೆ

ಮಂಡ್ಯದಾಚೆ, ನಾಲೆ ಪಕ್ಕದ ಸಕ್ಕರೆ ಕಾರ್ಖಾನೆ.
ವೇಬ್ರಿಡ್ಜಿನ ಗಾಜಿನ ಗೂಡಲ್ಲಿ ನನ್ನ ರಾತ್ರಿ ಪಾಳಿ.
ಕಬ್ಬಿನ ಲಾರಿಗಳು ಸರದಿಯಲ್ಲೇ ನಿದ್ದೆ ಹೋಗಿವೆ,
ಒಂದೊಂದೇ ಎದ್ದು ತಟ್ಟೆ ಹತ್ತುತ್ತದೆ,
ಅಂಕಿ ತಡಬಡಾಯಿಸಿ, ನಿಲ್ಲುತ್ತದೆ.
ಈ ಅಂಕಿಗಳನ್ನು ಚೆಲ್ಲದೆ ಹಿಡಿಯಲೆಂದು
ನಾಲ್ಕು ವರ್ಷದ ಹಿಂದೆ ಹೊಲಿದ ಚೀಲ ಇದು.
ಆಗ ಇಪ್ಪತ್ತೆರಡು ಸಾಲು. ಹೆಸರಿರಲಿಲ್ಲ.

ಈಗ ಒಂಬತ್ತು ಸಾವಿರ. ಹೆಸರು ತೂಬು.
ಹರಿದು ಬರುವ ಯಾವ ಲೆಕ್ಕವನ್ನಾದರೂ
ಸೋಸಿ, ತಿರುಗಿಸಿ, ಬ್ರೌಸರಿನ ಬಾಯಿಗೆ ಬಿಡುವ ಲೈಬ್ರರಿ.
ಬೆಳಿಗ್ಗೆ ಆರಕ್ಕೆ ಬಿಡುಗಡೆ, ಒಂದು ಚುಕ್ಕಿ ಸೊನ್ನೆ,
ಎಂದು ಹೇಳಿಬಿಟ್ಟಿದ್ದೇನೆ
ಮುಖ ನೋಡಿರದ ಮುನ್ನೂರು ಜನಕ್ಕೆ.

ಬಿಡುಗಡೆ ಎಂದರೆ ಗುಂಡಿ ಒತ್ತುವುದು ಅಂದುಕೊಂಡಿದ್ದೆ.
ಅಲ್ಲ. ಅಟ್ಟದ ಮೇಲಿದ್ದದ್ದೆಲ್ಲ ಇಳಿದು ಬಂದು
ನನ್ನನ್ನೂ ಇಟ್ಟುಕೊಳ್ಳುತ್ತೀಯಾ ಎಂದು ಕೇಳುವುದು.
'ಸದ್ಯಕ್ಕೆ' ಎಂಬ ಫಂಕ್ಷನ್ನು,
ಅದರ ತಮ್ಮ 'ಸದ್ಯಕ್ಕೆ ಎರಡು',
ಮಗಳಿಗೆ ಜ್ವರ ಬಂದ ವಾರ ಬರೆದ 'ನಿಜವಾಗ್ಲೂ ಕೊನೇದು'.
ಮೂರನ್ನೂ ತೆಗೆದೆ. ಕೊನೆಯದನ್ನು ತೆಗೆಯುವಾಗ ಕೈ ತಡೆಯಿತು.

ಅರ್ಧ ಊಟದಲ್ಲಿ ಎದ್ದು ಹೋದ ಬ್ರೌಸರಿಗೆ
ಬಡಿಸುತ್ತಲೇ ಇರುತ್ತಿತ್ತು ನಮ್ಮ ಸರ್ವರು,
ಎಲೆ ಇಲ್ಲ, ಆಳಿಲ್ಲ, ಸೌಟು ಮಾತ್ರ ಆಡುತ್ತಿತ್ತು.
ಉದಯಗಿರಿಯ ನಸ್ರೀನ್ ತಾಜ್ ಹಿಡಿದಳು ಅದನ್ನು.
ಮಳವಳ್ಳಿಯ ಸೋಮಲಿಂಗು ಪರೀಕ್ಷೆಗಳನ್ನು ಬರೆದ,
ಬಸ್ಸಿನಲ್ಲಿ, ಫೋನಿನಲ್ಲಿ, ಆರುನೂರ ಹನ್ನೊಂದು.
ಹೆಸರಿನ ಬದಲು ಗೂಬೆಯ ಚಿತ್ರವಿದ್ದವರು ಯಾರೋ
ಒಂದೇ ಒಂದು ಅಲ್ಪವಿರಾಮ ತಿದ್ದಿ ಮಾಯವಾದರು;
ನೆನೆಯುವವರ ಪಟ್ಟಿಯಲ್ಲಿ ಗೂಬೆ ಎಂದೇ ಬರೆದೆ.

ಪರವಾನಗಿಯ ಕಾಗದ ಚಿಕ್ಕದು:
ಯಾರಾದರೂ ಬಳಸಿ, ಬದಲಿಸಿ, ಬೇಕಾದರೆ ಮಾರಿ.
ಕೆಟ್ಟರೆ ನಾನು ಹೊಣೆಯಲ್ಲ.
ಎರಡನೆಯ ಮಾತು ಎಲ್ಲರೂ ಬರೆಯುವಂಥದ್ದೇ.
ಆದರೂ ತೂಕದ ಗೂಡಲ್ಲಿ ಕೂತು ಬರೆಯುವಾಗ
ನಾಚಿಕೆಯಾಯಿತು.

ಎರಡೂವರೆಗೆ ಒಂದು ಪರೀಕ್ಷೆ ಕೆಂಪಾಯಿತು.
ಹರಿವನ್ನು ಮುಚ್ಚಿದೊಡನೆ
ಕೊನೆಯ ಮೂರು ತೂಕ ಕಾಣೆ.
ಬಂದದ್ದು ನಿಜ, ಒಳಗೆ ಹೊಕ್ಕಿದ್ದು ನಿಜ,
ಆಚೆ ಮುಟ್ಟಲಿಲ್ಲ.
ಯಾರದೋ ಮೂರು ಲೋಡು ಕಬ್ಬು
ನನ್ನ ಒಂದು ಸಾಲಿನೊಳಗೆ ಎಲ್ಲೋ ಬಿದ್ದುಹೋಗಿತ್ತು.

ಟೀಗೆ ಬಂದ ನೀರುಗಂಟಿ ಚಿಕ್ಕಬೋರಯ್ಯ,
ಸೊಂಟದಲ್ಲಿ ಬೀಗದ ಕೈ, ಕೊರಳಲ್ಲಿ ಟಾರ್ಚು.
ಏನವ್ವಾ, ಮೊಕ ಹಿಂಗ್ ಮಾಡ್ಕಂಡಿದ್ದೀಯ?
ಹೇಳಿದೆ. ಮುಚ್ಚಿದರೆ ಕೊನೇದು ಕಳೆದುಹೋಗುತ್ತೆ.
ಟೀ ಊದುತ್ತ ನಕ್ಕ.

'ತೂಬ್ ಮುಚ್ಚುದ್ ತಕ್ಸಣ ನೀರ್ ನಿಂತೋಯ್ತದಾ?
ನಾಲೇಲಿರೋದು ಇನ್ನೂ ಅರ್ಧ ಗಂಟೆ ಅರೀತದೆ.
ಅದು ಕೊನೆ ಗದ್ದೆಯೋರ್ದು ಕಣವ್ವ.
ಅವ್ರಿಗೆ ಮುಟ್ಟೋಗಂಟ ನಾ ಮನೆಗೋಗಾಕಿಲ್ಲ.'

ಲೋಟ ಇಟ್ಟ. ಹೋದ.
ಹೆಸರನ್ನು ಅವನ ಕೆಲಸದಿಂದಲೇ ಎತ್ತಿಕೊಂಡಿದ್ದೆ,
ಕೆಲಸವನ್ನು ಮಾತ್ರ ಕೇಳಿರಲಿಲ್ಲ.

ಏಳು ಸಾಲು ಬರೆದೆ.
ಮೊದಲು ಹೊಸದನ್ನು ಬೇಡವೆನ್ನು.
ಆಮೇಲೆ ಒಳಗಿದ್ದದ್ದನ್ನು ಹೋಗಬಿಡು, ಕಾಯಿ.
ಬರಿದಾದ ಮೇಲಷ್ಟೇ ಮುಗಿಯಿತು ಎನ್ನು.
ನಾಲ್ಕು ನಲವತ್ತಕ್ಕೆ ಎಲ್ಲ ಹಸಿರು.
ನಡುವೆ ಹನ್ನೆರಡು ಲಾರಿ ತೂಗಿದೆ, ಒಂದೂ ತಪ್ಪಿಲ್ಲ.

ಆರಕ್ಕೆ ಬಿಟ್ಟೆ.
ಚಪ್ಪಾಳೆ ಇಲ್ಲ. ಗೂಡಿನ ಗಾಜಿಗೆ ಬಗಾಸಿನ ದೂಳು.
ಆರು ಹತ್ತಕ್ಕೆ ಗೂಬೆಯ ಚೀಟಿ:
ಕೈಪಿಡಿಯ ಮೊದಲ ಪುಟದಲ್ಲೇ
ತೂಬು ಎಂಬುದು ತುಬು ಎಂದಾಗಿದೆ.
ನಗು ಬಂತು. ಒಂದು ಚುಕ್ಕಿ ಸೊನ್ನೆ ಚುಕ್ಕಿ ಒಂದು.

ಹೊರಗೆ ಯಾರೋ ಹಾರನ್ ಒತ್ತುತ್ತಿದ್ದಾನೆ.
ಏರಿಯ ಮೇಲೆ ಚಿಕ್ಕಬೋರಯ್ಯ ಇನ್ನೂ ಕೂತಿದ್ದಾನೆ,
ಬೆಳಕು ಹರಿದಿದ್ದರೂ ಟಾರ್ಚು ಆರಿಸಿಲ್ಲ.